ಒಂದೇ ಮುಖದ ಫ್ಲೆಕ್ಸ್

ಕೈಯಿಂದ ಒಂದು ರೂಪಾಯಿ ಬಿಚ್ಚದೆ ಒಬ್ಬ ನರ್ಸಮ್ಮನನ್ನು ಸಂತೋಷಪಡಿಸುವುದು ಹೇಗೆ? ಈ ಪ್ರಶ್ನೆಯನ್ನು ಮೇಜಿನ ಮೇಲಿಟ್ಟು ಸಾಹುಕಾರ ಪಂಚಾಕ್ಷರಪ್ಪನವರು ಊಟಕ್ಕೆ ಎದ್ದು ಹೋದರು. ಅವರು ಹೊಟ್ಟೆತುಂಬ ಉಂಡರು. ಮ್ಯಾನೇಜರ್ ಅರುಣಕುಮಾರನಿಗೆ ಮಾತ್ರ ಬುತ್ತಿಯ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಕೂಡ್ಲಿಗಿಯಲ್ಲಿ ಬಸ್ಸು ಓಡಾಡುವ ರಸ್ತೆಯ ಬದಿಗೇ ಇರುವ ನಾಗಲಿಂಗಮ್ಮ ಆಸ್ಪತ್ರೆ ಪಂಚಾಕ್ಷರಪ್ಪನವರದು. ಶೇಂಗಾ ಮಿಲ್ಲಿನಲ್ಲಿ ದುಡಿದದ್ದನ್ನೆಲ್ಲ ತಾಯಿಯ ಹೆಸರಿನಲ್ಲಿ ಆ ಕಟ್ಟಡಕ್ಕೆ ಸುರಿದಿದ್ದರು. ಸೊಸೆ ಸುಮಲತಾ ಅಲ್ಲಿಯ ಡಾಕ್ಟರು. ಶೇಂಗಾ ಹಿಂಡಿದರೆ ಎಣ್ಣೆಯಾದರೂ ಬರುತ್ತದೆ, ಆಸ್ಪತ್ರೆ ಹಿಂಡಿದರೆ ಕರೆಂಟ್ ಬಿಲ್ಲು ಮಾತ್ರ ಬರುತ್ತದೆ ಎಂಬುದು ಸಾಹುಕಾರರ ದಿನನಿತ್ಯದ ಕೊರಗು. ಸ್ಕ್ಯಾನಿಂಗ್ ಮಷೀನಿನ ಕಂತು ತಲೆಯ ಮೇಲಿತ್ತು. ಹೀಗಾಗಿ ಈ ವರ್ಷ ಯಾರಿಗೂ ಪಗಾರ ಏರಿಕೆ ಇಲ್ಲ ಎಂದು ಸಾರಿದ್ದಾಗಿತ್ತು. ಸಿಬ್ಬಂದಿಯ ಎರಡು ಹೊತ್ತಿನ ಚಹಾ ಒಂದು ಹೊತ್ತಿಗೆ ಇಳಿದಿತ್ತು. ಆ ಒಂದು ಹೊತ್ತಿನ ಚಹಾದಲ್ಲಿ ಹಾಲು ಎಲ್ಲಿದೆ ಎಂದು ಹುಡುಕಬೇಕಾಗಿತ್ತು.

“ನೋಡಪಾ ಅರುಣಕುಮಾರ,” ಎಂದಿದ್ದರು ಸಾಹುಕಾರರು, “ಪುಷ್ಪಲತಾ ಸಿಸ್ಟರ್‌ಗೆ ಹರಪನಹಳ್ಳಿ ದವಾಖಾನಿಯೋರು ಕರಿಯಾಕತ್ತಾರಂತ ಸುದ್ದಿ ಬಂದೈತಿ. ಆಕಿ ಹೋದ್ರ ಆಕಿ ಹಿಂದ ಉಳಿದ ಹುಡುಗೇರು ಹೋಗ್ತಾರ. ಅವರ ಹಿಂದ ಪೇಷಂಟ್ ಹೋಗ್ತಾರ. ಪೇಷಂಟ್ ಹಿಂದ ನೀನೂ ಹೋಗಿಬಿಡು.”

“ಆಕಿಗೆ ಒಂದೀಟು ಪಗಾರ ಏರಿಸಿದ್ರ ಸಾಹುಕಾರ್ರೆ...”

“ರೊಕ್ಕದ ಮಾತು ತೆಗೀಬ್ಯಾಡ. ಮಂದಿ ಮನಸ್ಸೂ ಮುರೀಬಾರದು, ನನ್ನ ಗಲ್ಲಾನೂ ಮುರೀಬಾರದು. ಅದಕ್ಕಲ್ಲೇನು ನಿನ್ನ ಆ ತಿರುಗೋ ಕುರ್ಚಿ ಮ್ಯಾಲ ಕುಂದ್ರಿಸಿದ್ದು?”

ಆ ತಿರುಗುವ ಕುರ್ಚಿಯೆಂದರೆ ಅರುಣಕುಮಾರನಿಗೆ ಪ್ರಾಣ. ಅವನಿಗೆ ಹೆಣ್ಣು ಕೊಡುವ ಮೊದಲು ಕೊಟ್ಟೂರಿನ ಮಾವ ಆಸ್ಪತ್ರೆಗೇ ಬಂದಿದ್ದ. ಹುಡುಗನನ್ನು ನೋಡಿದ್ದು ಕಡಿಮೆ, ಕುರ್ಚಿಯನ್ನು ನೋಡಿದ್ದೇ ಹೆಚ್ಚು. ಅದನ್ನು ಕೈಯಾರೆ ಒಂದು ಸುತ್ತು ತಿರುಗಿಸಿ, “ಹೂಂ, ಕೊಡಬಹುದು” ಎಂದು ಎದ್ದು ಹೋಗಿದ್ದ. ಈಗ ಆ ಕುರ್ಚಿ ಹೋದರೆ ಹೆಂಡತಿಯ ಮನೆಯವರಿಗೆ ಮುಖ ತೋರಿಸುವುದು ಹೇಗೆ ಎಂಬುದೇ ಅರುಣಕುಮಾರನ ಚಿಂತೆ.

ಪುಷ್ಪಲತಾ ಸಿಸ್ಟರ್ ಅಂದರೆ ಸುಮ್ಮನಲ್ಲ. ಮಾಗಳದ ಹುಡುಗಿ. ಎಂಥ ಸಣಕಲು ಕೈಯಲ್ಲೂ ನರ ಹುಡುಕಿ ಸೂಜಿ ಇಳಿಸಿದರೆ, ಸೂಜಿ ಯಾವಾಗ ಹಾಕುತ್ತೀರಿ ಎಂದು ಪೇಷಂಟು ಆಮೇಲೆ ಕೇಳುತ್ತಿದ್ದ. ಹಡಗಲಿ ಕಡೆಯವರೂ ಬಂದು “ಆ ಸಿಸ್ಟರ್ ಅದಾರೇನ್ರಿ?” ಎಂದು ವಿಚಾರಿಸಿ ಆಮೇಲೇ ಚೀಟಿ ಮಾಡಿಸುತ್ತಿದ್ದರು. ಅಂಥವಳನ್ನು ಬಿಡಿಗಾಸಿಲ್ಲದೆ ಹಿಡಿದಿಡಬೇಕು.

ಸಂಜೆ ಮನೆಗೆ ಹೋಗುವಾಗ ಅರುಣಕುಮಾರನಿಗೆ ದಾರಿಯುದ್ದಕ್ಕೂ ಉತ್ತರ ಕಟ್ಟಿಹಾಕಿದ್ದು ಕಂಡಿತು. ಹುಟ್ಟುಹಬ್ಬಕ್ಕೆ ಫ್ಲೆಕ್ಸು, ಎಲೆಕ್ಷನ್ ಗೆದ್ದದ್ದಕ್ಕೆ ಫ್ಲೆಕ್ಸು, ಸೋತವನಿಂದ ಮತದಾರರಿಗೆ ಕೃತಜ್ಞತೆಯ ಫ್ಲೆಕ್ಸು. ನಮ್ಮ ಕಡೆ ಮನುಷ್ಯನಿಗೆ ಊಟ ಹಾಕದಿದ್ದರೂ ಫ್ಲೆಕ್ಸು ಹಾಕಿದರೆ ಸಾಕು, ಹೊಟ್ಟೆ ತುಂಬುತ್ತದೆ. ಅರುಣಕುಮಾರ ಗಾಡಿ ತಿರುಗಿಸಿ ನೇರ ಭರತನ ಫ್ಲೆಕ್ಸ್ ಅಂಗಡಿಗೆ ಹೋದ.

“ನಮ್ಮ ಪುಷ್ಪಲತಾ ಸಿಸ್ಟರ್‌ದು ಒಂದು ದೊಡ್ಡ ಫ್ಲೆಕ್ಸ್ ಮಾಡಪಾ,” ಎಂದು ಆಸ್ಪತ್ರೆಯ ಫೈಲಿನಲ್ಲಿದ್ದ ಆಕೆಯ ಫೋಟೋವನ್ನು ಮೊಬೈಲಿನಲ್ಲಿ ಕಳಿಸಿದ.

“ಕೆಳಗ ಸಾಲಾಗಿ ಯಾರ್‍ಯಾರ ಫೋಟೋ ಹಾಕ್ಲಿ ಸಾರ್? ಮುಖಕ್ಕಿಷ್ಟು ಅಂತ ಆಗತೈತಿ.”

ಅರುಣಕುಮಾರ ಯೋಚಿಸಿದ. ಲ್ಯಾಬಿನವನ ಮುಖ ಹಾಕಿದರೆ ಔಷಧಿ ಕೌಂಟರಿನವನು ಮುನಿಸಿಕೊಳ್ಳುತ್ತಾನೆ. ಅವನದನ್ನೂ ಹಾಕಿದರೆ ವಾಚ್‌ಮನ್ನನಿಗೆ ಕೋಪ. ಎಲ್ಲರದನ್ನೂ ಹಾಕಿದರೆ ತನ್ನ ಜೇಬು ಖಾಲಿ. ಮನಸ್ಸೂ ಮುರಿಯಬಾರದು, ಗಲ್ಲಾವೂ ಮುರಿಯಬಾರದು.

“ಯಾರ್ದೂ ಬ್ಯಾಡ. ಆಕಿದೊಂದ ಹಾಕು.”

ಭರತ್ ಕಂಪ್ಯೂಟರಿನಿಂದ ಮುಖ ಎತ್ತಿದ. “ಒಬ್ಬರದ?”

“ಒಬ್ಬರದ.”

“ಬರಹ ಏನ್ ಸಾರ್?”

ಅರುಣಕುಮಾರ ಮೊದಲು ‘ತಿಂಗಳ ಉತ್ತಮ ಸಿಬ್ಬಂದಿ’ ಎಂದು ಬರೆಸಬೇಕೆಂದಿದ್ದ. ಆದರೆ ಆಕೆ ಉತ್ತಮಳಾದರೆ ಉಳಿದವರು ಏನು ಎಂಬ ಜಗಳ ಏಳುತ್ತದೆ. ಅದಕ್ಕೆ ಬಹಳ ಜಾಣತನದಿಂದ ಬೇರೆ ಸಾಲು ಹೇಳಿದ: “ರೋಗಿಗಳ ಪಾಲಿನ ತಾಯಿ, ಸದಾ ನಗುಮುಖದ ಪುಷ್ಪಲತಾ ಸಿಸ್ಟರ್. ನಿಮ್ಮ ಸೇವೆಯನ್ನು ನಾವೆಂದೂ ಮರೆಯೆವು. ಆಸ್ಪತ್ರೆಯ ಸಮಸ್ತ ಸಿಬ್ಬಂದಿ.”

ಭರತನ ದನಿ ಇಳಿಯಿತು. “ನಮ್ಮ ಮಗೂಗೆ ಜ್ವರ ಬಂದಾಗ ಇವರ ನೋಡಿದ್ರು ಸಾರ್. ಡಿಸೈನಿನ ರೊಕ್ಕ ಕೊಡಬ್ಯಾಡ್ರಿ. ಇಂಥದಕ್ಕ ರೊಕ್ಕ ತಗಂಡ್ರ ನನಗ ಒಳ್ಳೇದಾಗಲ್ಲ. ಹಾರ, ದೀಪ, ಮೋಡ ಎಲ್ಲಾ ಹಾಕಿ, ನಾಳೆ ಬೆಳಗಾಗೂದ್ರಾಗ ನಾನ ಬಂದು ಕಟ್ಟಿ ಹೋಗ್ತೀನಿ.”

ಕೂಡ್ಲಿಗಿಯಲ್ಲಿ ನರ್ಸುಗಳಿಗೆ ಇಷ್ಟು ಗೌರವ ಇದೆಯೇ ಎಂದು ಅರುಣಕುಮಾರನ ಕಣ್ಣು ತೇವವಾಯಿತು. ಆ ರಾತ್ರಿ ಅವನು ಗೊರಕೆ ಹೊಡೆದು ಮಲಗಿದ.

ಮರುದಿನ ಪುಷ್ಪಲತಾ ರಜೆ ಹಾಕಿದ್ದಳು. ಮಾಗಳದಲ್ಲಿ ಸೋದರಮಾವ ಜಂಬಯ್ಯನಿಗೆ ಆರಾಮಿಲ್ಲ, ನೋಡಿ ಬರುತ್ತೇನೆ ಎಂದಿದ್ದಳು. ಅದೂ ಒಳ್ಳೆಯದೇ, ಸಂಜೆ ಬಸ್ಸಿಳಿದಾಗ ಫ್ಲೆಕ್ಸು ಎದುರಿಗೇ ಕಾಣಲಿ ಎಂದುಕೊಂಡು ಅರುಣಕುಮಾರ ಬೆಳಿಗ್ಗೆ ಆಸ್ಪತ್ರೆಗೆ ಬಂದ. ಬಂದವನು ಗೇಟಿನಲ್ಲೇ ಹಿಗ್ಗಿ ಹೀರೇಕಾಯಾದ.

ಫ್ಲೆಕ್ಸಿನ ಮುಂದೆ ಜನ ಕೈಮುಗಿದು ನಿಂತಿದ್ದರು. ನೀಲಿ ಆಕಾಶ, ಬಿಳಿ ಮೋಡ, ಮೋಡದ ನಡುವೆ ಪುಷ್ಪಲತಾ, ಸುತ್ತ ಗುಲಾಬಿ ಹಾರ, ಎರಡೂ ಬದಿಗೆ ಉರಿಯುವ ದೀಪ. ಕೆಳಗೆ ಯಾರೋ ಕಾಯಿ ಒಡೆದಿದ್ದರು. ಊದುಬತ್ತಿ ಹೊಗೆಯಾಡುತ್ತಿತ್ತು. ರಸ್ತೆಯಲ್ಲಿ ಹೊಸಪೇಟೆ ಬಸ್ಸಿನ ಡ್ರೈವರ್ ನಿಧಾನ ಮಾಡಿ ಹಣೆ ಮುಟ್ಟಿಕೊಂಡು ಮುಂದೆ ಹೋದ. ಒಂದು ಫ್ಲೆಕ್ಸಿಗೆ ಇಷ್ಟು ಮರ್ಯಾದೆ ಅರುಣಕುಮಾರ ಜನ್ಮದಲ್ಲಿ ಕಂಡಿರಲಿಲ್ಲ.

ಒಳಗೆ ಆಯಾ ಗಾದೆಮ್ಮ ಬಕೀಟಿನ ಪಕ್ಕದಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಸಿಸ್ಟರ್ ಮೇಘಾ ಮೂಗು ಸೀಟುತ್ತಿದ್ದಳು. ಲ್ಯಾಬಿನ ಗಾದಿಲಿಂಗ ಗೋಡೆಗೆ ಒರಗಿ ನಿಂತಿದ್ದ.

“ಹೆಂಗೈತಿ ಫ್ಲೆಕ್ಸು?” ಎಂದ ಅರುಣಕುಮಾರ ಉತ್ಸಾಹದಿಂದ.

“ಹೆಂಗಿದ್ರೇನು ಸಾರ್,” ಎಂದಳು ಗಾದೆಮ್ಮ, “ಅಷ್ಟ್ ಒಳ್ಳೇ ಹುಡುಗಿಗೇ ಬರಬೇಕಿತ್ತಾ ಇದು?”

“ಒಳ್ಳೇರಿಗೇ ಬರೋದು ಗಾದೆಮ್ಮ. ಅಳಬ್ಯಾಡ. ನಿನಗೂ ಬರತೈತಿ.”

ಗಾದೆಮ್ಮನ ಅಳು ಅರ್ಧಕ್ಕೇ ನಿಂತಿತು.

“ಇದೇನ್ ಒಬ್ಬರಿಗೆ ಮುಗಿಯೋದಲ್ಲ,” ಅರುಣಕುಮಾರ ಎಲ್ಲರಿಗೂ ಕೇಳುವಂತೆ ಹೇಳಿದ. “ತಿಂಗಳಿಗೊಬ್ಬರು ಅಂತ ಲೆಕ್ಕ ಹಾಕೀನಿ. ಮೇಘಾ, ಮುಂದಿನ ತಿಂಗಳು ನೀನ ಇರಬಹುದು. ಯಾರು ಮೈಮುರಿದು ದುಡೀತಾರೋ ಅವರದು ಮೊದಲು.”

ಮೇಘಾ ಕೈಯಲ್ಲಿದ್ದ ಟ್ರೇಯನ್ನು ಮೆಲ್ಲಗೆ ಕೆಳಗಿಟ್ಟಳು. ಗಾದಿಲಿಂಗ ಸೂಜಿ ಚುಚ್ಚಲು ಹಾಕಿಕೊಂಡಿದ್ದ ಕೈಗವಸನ್ನು ಬಿಚ್ಚಿ ಜೇಬಿಗಿಟ್ಟುಕೊಂಡ. ಗಾದೆಮ್ಮ ಬಕೀಟು ಬಿಟ್ಟು ಬಾಗಿಲಿನಾಚೆ ಹೋಗಿ ಕೂತಳು. ಅರ್ಧ ಗಂಟೆ ಕಳೆಯುವುದರೊಳಗೆ ಆಸ್ಪತ್ರೆಯಲ್ಲಿ ಯಾರೂ ಯಾವ ಕೆಲಸವನ್ನೂ ಮೈಮುರಿದು ಮಾಡುತ್ತಿರಲಿಲ್ಲ. ಭಾವೋದ್ವೇಗದಿಂದ ಹೀಗಾಗಿದೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಎಂದು ಅರುಣಕುಮಾರ ಚಹಾ ಕುಡಿಯಲು ಎದುರಿಗಿನ ಚೌಡಣ್ಣನ ಅಂಗಡಿಗೆ ನಡೆದ. ಅಂಗಡಿಯ ಬಾಗಿಲು ಅರ್ಧ ಹಾಕಿತ್ತು.

“ಏನ್ ಚೌಡಣ್ಣ, ಇವತ್ತು ಚಾ ಇಲ್ಲೇನು?”

“ಇಂಥಾ ದಿನ ಒಲಿ ಹಚ್ಚಾಕ ಮನಸಾಗಲಿಲ್ರಿ.” ಚೌಡಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊತ್ತಿಕೊಂಡ. “ಏನಾಗಿತ್ರಿ ಪಾಪ ಸಿಸ್ಟರ್‌ಗೆ? ಹಾರ್ಟಾ?”

“ಯಾವ ಸಿಸ್ಟರ್‌ಗೆ?”

“ಅದ ನೀವು ಮ್ಯಾಲ ಹಾಕೀರಲ್ರಿ, ಅವರಿಗೆ.”

“ಲೇ ಚೌಡಣ್ಣ, ಆಕಿ ಸತ್ತಾಳಂತ ಎಲ್ಲಿ ಬರದೈತಿ ಅದರಾಗ?”

“ಬದುಕ್ಯಾಳಂತ ಎಲ್ಲಿ ಬರದೈತ್ರಿ?”

ಅರುಣಕುಮಾರ ತಿರುಗಿ ಫ್ಲೆಕ್ಸನ್ನು ನೋಡಿದ. ಹಾರ. ದೀಪ. ಮೋಡ. ನಾವೆಂದೂ ಮರೆಯೆವು.

“ಬದುಕಿದ್ದೋರ ಫ್ಲೆಕ್ಸಿನಾಗ ಕೆಳಗ ಹತ್ತು ಮಂದಿ ಹಲ್ಲುಕಿರಕೊಂಡು ಇರ್ತಾರಲ್ರಿ,” ಎಂದು ಚೌಡಣ್ಣ ಸಮಾಧಾನದಿಂದ ಬಿಡಿಸಿ ಹೇಳಿದ. “ಒಬ್ಬರ ಇದ್ದಾರ ಅಂದ್ರ ಅವರು ಹೋಗ್ಯಾರಂತ ಅರ್ಥ. ನಮ್ಮೂರಾಗ ಸಣ್ಣ ಹುಡುಗ್ರಿಗೂ ಗೊತ್ತೈತಿ.”

ಅರುಣಕುಮಾರ ರಸ್ತೆ ದಾಟಿ ಓಡಿದ. ಏಣಿ ತಂದು ಫ್ಲೆಕ್ಸಿಗೆ ಕೈ ಹಾಕಿದ್ದೇ ತಡ, ಕೆಳಗಿನಿಂದ ನಾಲ್ಕು ಮಂದಿ ಏಣಿ ಹಿಡಿದರು. ಕಾಯಿ ಒಡೆದ ಮೇಲೆ ಹಾಗೆ ಇಳಿಸುವಂತಿಲ್ಲ, ಇವತ್ತಾದರೂ ಇರಲಿ ಎಂದು ಬಯ್ದರು. ಒಬ್ಬ ಮುದುಕ, “ಸತ್ತ ದಿನನ ಮರೀತೀರಲ್ರಿ, ಎಂದೂ ಮರೆಯಲ್ಲ ಅಂತ ಬರಸಿದೋರು ನೀವ ಅಲ್ಲೇನು?” ಎಂದು ಕೇಳಿದ. ಅರುಣಕುಮಾರ ಇಳಿದ.

ಒಳಗೆ ಹೋಗಿ ಕೈ ಎತ್ತಿ ಕೂಗಿದ: “ಎಲ್ಲಾರೂ ಕೇಳ್ರಿ! ಪುಷ್ಪಲತಾ ಸಿಸ್ಟರ್ ಆರಾಮ ಅದಾರ! ಜೀವಂತ ಅದಾರ!”

“ಹಂಗಾರ ಎಲ್ಲದಾರ ತೋರ್ಸ್ರಿ,” ಎಂದಳು ಗಾದೆಮ್ಮ.

“ಮಾಗಳಕ್ಕ ಹೋಗ್ಯಾರ. ತಡಿ, ಫೋನ್ ಹಚ್ತೀನಿ.”

ಪುಷ್ಪಲತಾಳ ಫೋನು ಸ್ವಿಚ್ ಆಫ್ ಆಗಿತ್ತು. ಗಾದೆಮ್ಮ ಮೇಘಾಳ ಮುಖ ನೋಡಿದಳು, ಮೇಘಾ ಗಾದಿಲಿಂಗನ ಮುಖ ನೋಡಿದಳು. ಅರುಣಕುಮಾರ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಫೈಲಿನಲ್ಲಿದ್ದ ಜಂಬಯ್ಯನ ನಂಬರಿಗೆ ಮಾಡಿದ.

“ಮಾವಾರ, ನಾನು ನಾಗಲಿಂಗಮ್ಮ ದವಾಖಾನಿ ಮ್ಯಾನೇಜರ್. ಮೈಯಾಗ ಹೆಂಗ ಐತ್ರಿ ಈಗ?”

“ನನಗೇನಾಗೈತಿ? ಗುಂಡಕಲ್ಲಿದ್ದಂಗ ಅದೀನಿ.”

“ಮತ್ತ ಪುಷ್ಪಲತಾ ಸಿಸ್ಟರ್ ಅಲ್ಲಿಗೆ ಬಂದಿಲ್ಲೇನ್ರಿ?”

“ಇಲ್ಲಿಗ್ಯಾಕ ಬರ್ತಾಳ? ನಿಮ್ಮಲ್ಲೇ ಡ್ಯೂಟಿ ಮ್ಯಾಲ ಅದಾಳಲ್ಲ!”

ಅರುಣಕುಮಾರನಿಗೆ ಥಟ್ಟನೆ ಬೆಳಕಾಯಿತು. ಹರಪನಹಳ್ಳಿ! ಸುಳ್ಳು ಹೇಳಿ ಅಲ್ಲಿ ಕೆಲಸಕ್ಕೆ ಸೇರಲು ಹೋಗಿದ್ದಾಳೆ. ಅಂದರೆ ಆಕೆ ಬದುಕಿದ್ದರೂ ತನ್ನ ಕುರ್ಚಿ ಹೋಯಿತು, ಸತ್ತಿದ್ದರೂ ಹೋಯಿತು. ಆಕೆ ಎಲ್ಲಿದ್ದಾಳೆಂದು ಹೇಳಿದರೆ ಸಾಹುಕಾರರಿಗೆ ತಿಳಿಯುತ್ತದೆ, ಹೇಳದಿದ್ದರೆ ಹುಡುಗಿ ಸತ್ತಂತೆಯೇ. ಈ ಗಾಬರಿಯಲ್ಲಿ ಅವನ ಬಾಯಿಂದ ಬರಬಾರದ ಮಾತು ಬಂತು.

“ಇಲ್ಲಿ ಇಲ್ರಿ. ಎಲ್ಲಿ ಹೋದ್ರು ಅಂತ... ಅದು ಬಿಡ್ರಿ. ಯಾರಾದ್ರೂ ಫ್ಲೆಕ್ಸ್ ಬಗ್ಗೆ ಏನಾದ್ರೂ ಹೇಳಿದ್ರ ನೀವು ಮಾತ್ರ ಗಾಬರಿ ಆಗಬ್ಯಾಡ್ರಿ.”

“ಯಾವ ಫ್ಲೆಕ್ಸು?” ಎಂದ ಜಂಬಯ್ಯ. ಆಮೇಲೆ ಆ ಕಡೆಯಿಂದ ಫೋನು ನೆಲಕ್ಕೆ ಬಿದ್ದ ಸದ್ದು ಮಾತ್ರ ಕೇಳಿಸಿತು.

ಅರುಣಕುಮಾರ ಹೊರಗೆ ಬಂದಾಗ ಕಾರಿಡಾರಿನಲ್ಲಿ ಪೇಷಂಟುಗಳು ಚೀಲ ಕಟ್ಟಿಕೊಂಡು ನಿಂತಿದ್ದರು. ಕಾನಹೊಸಹಳ್ಳಿಯ ಹುಲುಗಣ್ಣನಂತೂ ಗ್ಲೂಕೋಸ್ ಬಾಟಲಿಯನ್ನು ತಾನೇ ಕೈಯಲ್ಲಿ ಎತ್ತಿ ಹಿಡಿದುಕೊಂಡು ಬಂದಿದ್ದ.

“ಎಲ್ಲಿಗೆ ಹೊಂಟ್ರಿ?”

“ಮನಿಗೆ. ತಮ್ಮ ನರ್ಸಮ್ಮನ್ನ ಉಳಿಸ್ಕೊಳ್ಳಾಕಾಗಲಾರದೋರು ನಮ್ಮನ್ನೇನ್ ಉಳಿಸ್ತೀರಿ? ಈ ಬಾಟ್ಲಿ ಮುಗದ ಮ್ಯಾಲ ವಾಪಸ್ ಕಳಿಸ್ತೀನಿ ತಗಳ್ರಿ.”

ಡಾಕ್ಟರ್ ಸುಮಲತಾ ಆಪರೇಷನ್ ಕೋಣೆಯಿಂದ ಹೊರಗೆ ಬಂದು, ಒಂದು ಹೆರಿಗೆ ಮುಗಿಸಿ ಬರುವುದರೊಳಗೆ ಆಸ್ಪತ್ರೆ ಏಕೆ ಖಾಲಿಯಾಗುತ್ತಿದೆ ಎಂದು ಕೇಳಿದರು. ಅರುಣಕುಮಾರ ಬಾಯಿ ತೆರೆಯುವ ಮೊದಲೇ ಗಾದೆಮ್ಮ ಅವರನ್ನು ತಬ್ಬಿಕೊಂಡು ಅಳತೊಡಗಿದಳು. ಡಾಕ್ಟರಮ್ಮನೂ ಅತ್ತರು. ಎಲ್ಲರಿಗೂ ಅರ್ಧ ದಿನ ರಜೆ ಎಂದೂ ಹೇಳಿಬಿಟ್ಟರು. ಆ ಒಂದು ಮಾತಿಗೆ ಸಿಬ್ಬಂದಿಯ ದುಃಖ ಎದ್ದು ಕಾಣುವಷ್ಟು ಹಗುರವಾಯಿತು.

ಮಧ್ಯಾಹ್ನಕ್ಕೆ ಮಾಗಳದಿಂದ ಒಂದು ಟಾಟಾ ಏಸ್ ಬಂದು ಗೇಟಿನಲ್ಲಿ ನಿಂತಿತು. ಹಿಂದೆ ಒತ್ತೊತ್ತಾಗಿ ಜನ. ಮುಂದೆ ಜಂಬಯ್ಯ. ಇಳಿದವನೇ ಫ್ಲೆಕ್ಸು ನೋಡಿ, “ಯವ್ವಾ ನನ್ನ ಸೊಸೀ! ಮೋಡದಾಗ ಹೋಗಿ ಕುಂತೇನವ್ವಾ!” ಎಂದು ಎದೆ ಬಡಿದುಕೊಂಡ. ಅವನ ಹಿಂದೆ ಇಡೀ ಗಾಡಿ ಅತ್ತಿತು. ಗಾಡಿಯ ಅಳು ಕೇಳಿ ಸಂತೆಯಿಂದ ಬಂದವರೂ ನಿಂತು ಅತ್ತರು.

ಅರುಣಕುಮಾರ ಜಂಬಯ್ಯನ ಕೈ ಹಿಡಿದು, “ಮಾವಾರ, ನಿಮ್ಮ ಹುಡುಗಿಗೆ ಏನೂ ಆಗಿಲ್ರಿ” ಎಂದ.

“ಎಲ್ಲದಾಳ ಹಂಗಾರ? ಹೇಳು!”

ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಾಹುಕಾರರ ಬಿಳಿ ಕಾರು ಬಂತು. ಬಾಯಿ ತಾನೇ ಮುಚ್ಚಿಕೊಂಡಿತು.

ಚೌಡಣ್ಣ ಫೋನ್ ಮಾಡಿ ತಿಳಿಸಿದ್ದನಂತೆ. ಪಂಚಾಕ್ಷರಪ್ಪನವರು ಕೈಯಲ್ಲಿ ದೊಡ್ಡ ಹಾರ ಹಿಡಿದೇ ಇಳಿದರು. “ಏನಲೇ ಅರುಣಕುಮಾರ, ನನಗ ಮೊದಲು ಹೇಳಬೇಕೋ ಬ್ಯಾಡೋ?”

“ಸಾಹುಕಾರ್ರೆ, ಆಕಿ ಸತ್ತಿಲ್ರಿ,” ಎಂದ ಅರುಣಕುಮಾರ ಕಿವಿಯಲ್ಲಿ.

“ಹೌದಪಾ. ಅಂಥೋರು ಸಾಯಂಗಿಲ್ಲ. ನಮ್ಮ ಮನಸಿನಾಗ ಇರ್ತಾರ,” ಎಂದು ಸಾಹುಕಾರರು ಅವನ ಬೆನ್ನು ತಟ್ಟಿ ಮೆಟ್ಟಿಲು ಹತ್ತಿದರು.

ಪಂಚಾಕ್ಷರಪ್ಪನವರಿಗೆ ಒಂದು ದೌರ್ಬಲ್ಯ. ಮೆಟ್ಟಿಲ ಮೇಲೆ ತಾವು, ಕೆಳಗೆ ಜನ ಇದ್ದರೆ ಸುಮ್ಮನಿರಲು ಆಗುತ್ತಿರಲಿಲ್ಲ. ತಾಲ್ಲೂಕಿನ ಯಾವ ಸಂತಾಪ ಸಭೆಯಲ್ಲೂ ಅವರ ಮಾತಿಗೆ ಅಳದವರಿಲ್ಲ. ಸತ್ತವರ ಮೇಲೆ ಅಭಿಮಾನ ಸುರಿಸಲು ಖರ್ಚೂ ಇಲ್ಲ. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

“ಬಂಧುಗಳೇ, ಪುಷ್ಪಲತಾ ಅಂದ್ರ ಈ ದವಾಖಾನಿ ಕಂಬ. ಆಕಿ ಬೆಲಿ ಆಕಿ ಇದ್ದಾಗ ನನಗ ತಿಳೀಲಿಲ್ಲ.”

ಅರುಣಕುಮಾರ ಹಿಂದಿನಿಂದ ಅವರ ಅಂಗಿ ಜಗ್ಗಿದ. ಇನ್ನೂ ಸ್ವಲ್ಪ ಹೊಗಳಬೇಕೆಂದು ಹುಡುಗ ಸೂಚನೆ ಕೊಡುತ್ತಿದ್ದಾನೆ ಎಂದು ಸಾಹುಕಾರರು ತಿಳಿದರು.

“ಆ ಹೆಣ್ಮಗಳು ಇವತ್ತು ಇದ್ದಿದ್ರ ದುಪ್ಪಟ್ಟು ಪಗಾರ ಕೊಡ್ತಿದ್ದೆ!”

ಅರುಣಕುಮಾರ ಮತ್ತೆ ಜಗ್ಗಿದ. ಜನ ಮೊಬೈಲ್ ಎತ್ತಿ ಹಿಡಿದಿದ್ದರು.

“ಪಗಾರ ಯಾವ ಲೆಕ್ಕ! ಈ ದವಾಖಾನಿ ಯಜಮಾನಕೀನ ಆಕಿ ಕೈಗೆ ಕೊಡ್ತಿದ್ದೆ!”

ಅರುಣಕುಮಾರ ಜೀವ ಬಿಟ್ಟು ಜಗ್ಗಿದ. ಅಂಗಿಯ ಗುಂಡಿ ಒಂದು ಕಿತ್ತು ಬಂತು.

“ಬಾರವ್ವಾ ಅಂತ ಕರದು, ಮ್ಯಾನೇಜರ್ ಕುರ್ಚಿ ಮ್ಯಾಲ ಕುಂದ್ರಿಸಿ, ಇನ್ನ ಮ್ಯಾಲ ನೀನ ನೋಡ್ಕೊಳ್ಳವ್ವಾ ಅಂತಿದ್ದೆ! ಇದು ನಮ್ಮವ್ವ ನಾಗಲಿಂಗಮ್ಮನ ಆಣಿ! ಆದ್ರ ಏನ್ ಮಾಡೋದು? ದೇವ್ರು ನನಗ ಆ ಭಾಗ್ಯ ಕೊಡಲಿಲ್ಲ.” ಸಾಹುಕಾರರ ದನಿ ಒಡೆಯಿತು. ಜನರ ಎದೆಯೂ ಒಡೆಯಿತು.

ಆಗ ಹರಪನಹಳ್ಳಿಯಿಂದ ಬಂದ ಬಸ್ಸು ಗೇಟಿನ ಮುಂದೆ ನಿಂತಿತು. ಹೆಗಲಿಗೆ ಬ್ಯಾಗು ಹಾಕಿಕೊಂಡು ಪುಷ್ಪಲತಾ ಇಳಿದಳು.

ಮೊದಲು ನೋಡಿದ್ದು ಗಾದೆಮ್ಮ. ಕೂಗಲು ಬಾಯಿ ತೆರೆದಳು, ಸದ್ದೇ ಬರಲಿಲ್ಲ. ಆಮೇಲೆ ಬಂದ ಸದ್ದಿಗೆ ಟಾಟಾ ಏಸಿನಲ್ಲಿ ಕೂತಿದ್ದ ಮುದುಕಿಯರು ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದರು. ಜನ ಎರಡು ಪಾಲಾಗಿ ಸರಿದು ದಾರಿ ಬಿಟ್ಟರು. ಗುಂಪು ಏಕೆ ಸೇರಿದೆ ಎಂದು ತಿಳಿಯದೆ ಪುಷ್ಪಲತಾ ಆ ದಾರಿಯಲ್ಲಿ ನಡೆದು ಬಂದಳು. ಗಾದೆಮ್ಮ ಧೈರ್ಯ ಮಾಡಿ ಹತ್ತಿರ ಹೋಗಿ, ಬಗ್ಗಿ ಆಕೆಯ ಕಾಲು ನೋಡಿದಳು.

“ಪಾದ ಮುಂದಕ್ಕ ಅದಾವ!” ಎಂದು ಸಾರಿದಳು. “ಮನಿಷ್ಯಾಳ! ನಮ್ಮ ಸಿಸ್ಟರ!”

ಪುಷ್ಪಲತಾ ತಲೆ ಎತ್ತಿ ಫ್ಲೆಕ್ಸು ನೋಡಿದಳು. “ಯಾರ್ರೀ ನನ್ನ ಫೋಟೋಕ್ಕ ಕಾಯಿ ಒಡದೋರು?”

ಯಾರೂ ಒಪ್ಪಿಕೊಳ್ಳಲಿಲ್ಲ. ಜಂಬಯ್ಯ ಸೊಸೆಯನ್ನು ಅಪ್ಪಿಕೊಂಡು ಒಂದಿಷ್ಟು ಅತ್ತ, ಒಂದಿಷ್ಟು ಬಯ್ದ, ಫೋನಿಗೆ ಚಾರ್ಜು ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಿದ. ಆಮೇಲೆ ಕಣ್ಣೊರೆಸಿಕೊಂಡು ಮೆಟ್ಟಿಲ ಕಡೆ ತಿರುಗಿದ. ಮಾಗಳದ ಜನ ಮಾತು ಬಿಟ್ಟುಕೊಡುವವರಲ್ಲ.

“ಸಾಹುಕಾರ್ರೆ,” ಎಂದ ಕೈಮುಗಿದು, “ದೇವ್ರು ನಿಮಗ ಆ ಭಾಗ್ಯ ಕೊಟ್ಟಾನ ನೋಡ್ರಿ!”

ಜನ ಚಪ್ಪಾಳೆ ತಟ್ಟಿದರು. ಗ್ಲೂಕೋಸ್ ಬಾಟಲಿ ಹಿಡಿದಿದ್ದ ಹುಲುಗಣ್ಣ ಒಂದೇ ಕೈಯಲ್ಲಿ ತೊಡೆ ತಟ್ಟಿಕೊಂಡ. ಮೊಬೈಲುಗಳೆಲ್ಲ ಸಾಹುಕಾರರ ಮುಖದ ಮೇಲೇ ಇದ್ದವು. ಆ ಮುಖದಲ್ಲಿ ಸಂತೋಷ ಬಂದು ಕೂರಲು ಸ್ವಲ್ಪ ಹೊತ್ತು ಹಿಡಿಯಿತು. ಆದರೆ ತಾಯಿಯ ಆಣೆ ಇಟ್ಟಾಗಿತ್ತು. ಅದೂ ತಾಯಿಯ ಹೆಸರಿನ ಬೋರ್ಡಿನ ಕೆಳಗೇ ನಿಂತು. ಪಂಚಾಕ್ಷರಪ್ಪನವರು ಕೈಯಲ್ಲಿದ್ದ ಹಾರವನ್ನು ಪುಷ್ಪಲತಾಳ ಕೊರಳಿಗೆ ಹಾಕಿ, “ಮಾತು ಅಂದ್ರ ಮಾತು. ಇವತ್ತಿನಿಂದ ಈ ಹೆಣ್ಮಗಳ ಮ್ಯಾನೇಜರ್” ಎಂದರು. ಚೌಡಣ್ಣ ಓಡಿಹೋಗಿ ಒಲೆ ಹಚ್ಚಿದ. ಚೀಲ ಕಟ್ಟಿದ್ದ ಪೇಷಂಟುಗಳು ಚೀಲ ಬಿಚ್ಚಿ ಮತ್ತೆ ತಮ್ಮ ತಮ್ಮ ಮಂಚ ಹಿಡಿದರು. ಸಿಬ್ಬಂದಿ ಪುಷ್ಪಲತಾಳನ್ನು ಎತ್ತಿ ಕುಣಿಸಿದರು. ಆಸ್ಪತ್ರೆಯಲ್ಲಿ ಅಷ್ಟು ಉತ್ಸಾಹ ಹಿಂದೆಂದೂ ಇರಲಿಲ್ಲ.

“ಸಾಹುಕಾರ್ರೆ, ಮತ್ತ ನಾನು?” ಎಂದು ಅರುಣಕುಮಾರ ಗುಂಪಿನ ಹಿಂದಿನಿಂದ ಕೇಳಿದ.

ಸಾಹುಕಾರರು ಅವನನ್ನು ಪಕ್ಕಕ್ಕೆ ಕರೆದರು. “ಇಬ್ಬರು ಮ್ಯಾನೇಜರ್‌ನ ಸಾಕೋ ಶಕ್ತಿ ನನಗೆಲ್ಲೈತಪಾ? ಆಕಿಗೆ ದುಪ್ಪಟ್ಟು ಪಗಾರ ಎಲ್ಲಿಂದ ತರಲಿ, ನಿಂದ ಸೇರಿಸಬೇಕು. ಆಕಿ ಹೋಗಬಾರದು ಅಂತ ನಿನಗ ಹೇಳಿದ್ದೆ. ಹೋಗಲಿಲ್ಲ. ನಿನ್ನ ಕೆಲಸ ನೀನು ಚೊಲೋತಂಗ ಮಾಡಿ ಮುಗಿಸಿದಿ.” ಬೆನ್ನು ತಟ್ಟಿ, ಅವನ ಕೈಯಲ್ಲಿದ್ದ ತಮ್ಮ ಅಂಗಿಯ ಗುಂಡಿಯನ್ನು ಇಸಿದುಕೊಂಡು ಹೋದರು.

ಅರುಣಕುಮಾರ ಕೋಣೆಗೆ ಹೋಗಿ ತನ್ನ ಬುತ್ತಿ ಡಬ್ಬಿ, ಛತ್ರಿ, ಮೇಜಿನ ಮೇಲಿನ ದೇವರ ಪಟವನ್ನು ಚೀಲಕ್ಕೆ ತುಂಬಿದ. ತಿರುಗುವ ಕುರ್ಚಿಯಲ್ಲಿ ಕೂರಲು ಮನಸ್ಸಾಗಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತ. ಅವನಿಗೆ ನಿಜವಾಗಿಯೂ ಅಳು ಬರುತ್ತಿತ್ತು. ಆಗ ಪುಷ್ಪಲತಾ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತಳು.

“ಸಾರ್, ತಪ್ಪು ತಿಳ್ಕೋಬ್ಯಾಡ್ರಿ. ನಾನೇನೂ ಕೇಳಿದ್ದಲ್ರಿ.”

“ಇರಲಿ ಬಿಡ್ರಿ ಸಿಸ್ಟರ್. ಹರಪನಹಳ್ಳಿಗೆ ಹೋಗಿದ್ರಿ ಅಲ್ಲೇನು?”

ಆಕೆ ತಲೆ ತಗ್ಗಿಸಿದಳು. “ಹೌದ್ರಿ. ಸುಳ್ಳು ಹೇಳಿದ್ದು ತಪ್ಪಾತು.”

“ಯಾವತ್ತು ಬಂದು ಸೇರು ಅಂದ್ರು?”

“ಸೇರಾಕ ಹೋಗಿದ್ದಿಲ್ರಿ. ಮೊದಲ ಸಲ ಮಾತಾಡಾಕ ಹೋದಾಗ ನನ್ನ ಒರಿಜಿನಲ್ ಸರ್ಟಿಫಿಕೇಟ್ ಇಟ್ಕಂಡಿದ್ರು. ನಾ ಬರಂಗಿಲ್ಲ ಅಂತ ಹೇಳಿ, ಅವನ್ನ ಇಸ್ಕಂಡು ಬರಾಕ ಹೋಗಿದ್ದೆ.”

ಅರುಣಕುಮಾರನ ಕೈಯಿಂದ ಚೀಲ ಜಾರಿತು. “ಬರಂಗಿಲ್ಲ ಅಂತನಾ? ಯಾವಾಗ ತೀರ್ಮಾನ ಮಾಡಿದ್ರಿ?”

“ಹೋದ ವಾರನ ಮಾಡಿದ್ದೆ.”

“ಮತ್ತ ನನಗ್ಯಾಕ ಹೇಳಲಿಲ್ಲ ತಾಯೀ!”

“ನೀವು ಕೇಳಿದ್ರ ಹೇಳ್ತಿದ್ದೆ. ಕೇಳಲೇ ಇಲ್ಲಲ್ರಿ.”

ಅದೂ ನಿಜವೇ. ಸಾಹುಕಾರರನ್ನು ಕೇಳಿದ್ದ, ಭರತನನ್ನು ಕೇಳಿದ್ದ. ಹೋಗುತ್ತೀಯಾ, ಇರುತ್ತೀಯಾ ಎಂದು ಆಕೆಯನ್ನು ಮಾತ್ರ ಕೇಳಿರಲಿಲ್ಲ. ಅರುಣಕುಮಾರ ಬಗ್ಗಿ ಬಿದ್ದ ಚೀಲವನ್ನು ಎತ್ತಿಕೊಂಡ.

“ಪಗಾರ ಕಡಿಮಿ ಅಂದ್ರೇನು ಅವರು?”

“ಇಲ್ರಿ, ಬಾಳ ಕೊಡ್ತೀವಿ ಅಂದಿದ್ರು. ಆದ್ರ ಅಲ್ಲಿ ಮ್ಯಾನೇಜರ್ ಬಾಳ ಜೋರಂತ. ಸಿಸ್ಟರ್‌ಗಳನ್ನ ಮಂದಿ ಮುಂದ ನಿಂದ್ರಿಸಿ ಅಳಸ್ತಾನಂತ. ರೊಕ್ಕ ಹೋದ್ರ ಹೋಗಲಿ, ನಮ್ಮ ಅರುಣಕುಮಾರ್ ಸಾರ್‌ನಂಥಾ ಮ್ಯಾನೇಜರ್ ಎಲ್ಲಿ ಸಿಗ್ತಾರ, ಅವರ ಕೈಕೆಳಗ ಇದ್ದುಬಿಡಾಣ ಅಂತ...”

ಮಾತು ಎಲ್ಲಿಗೆ ಬಂತೆಂದು ತಿಳಿದು ಆಕೆ ಅಲ್ಲಿಗೇ ನಿಲ್ಲಿಸಿದಳು. ಹೊರಗೆ ಮೆಟ್ಟಿಲ ಕಡೆಯಿಂದ ಸಾಹುಕಾರರ ದನಿ ಕೇಳಿಸಿತು.

“ಮ್ಯಾನೇಜರ್! ಎಲ್ಲಿ ಹೋದ್ರಿ? ಒಂದೀಟು ಇಲ್ಲಿ ಬರ್ರಿ!”

ರೂಢಿಯ ಬಲದಿಂದ ಅರುಣಕುಮಾರ ದಡಬಡಿಸಿ ಎದ್ದ.

“ಅವರು ನನ್ನ ಕರದ್ರು ಸಾರ್, ನೀವು ಕುಂದ್ರಿ,” ಎಂದು ಮೆಲ್ಲಗೆ ಹೇಳಿ ಪುಷ್ಪಲತಾ ಹೊರಗೆ ನಡೆದಳು.